ಸತ್ತವರ ಲೆಕ್ಕವನ್ನೂ ಕೊಡಿ

ಕ್ಯಾನ್ಸರ್‌ಗೆ ಮದ್ದು ಕೊಡುವವರಿಗೆ ನಮ್ಮ ನಾಡಿನಲ್ಲಿ ಬರವಿಲ್ಲ. ಒಬ್ಬ ಲಕ್ಷ್ಮಣಫಲದ ಎಲೆ ಕುದಿಸಿ ಕುಡಿ ಅಂತಾನೆ. ಇನ್ನೊಬ್ಬ ಗೋಮೂತ್ರದ ಬಾಟಲಿ ಕೈಗಿಡುತ್ತಾನೆ. ಮತ್ತೊಬ್ಬ ಮರದ ತೊಗಟೆಯ ಪೊಟ್ಟಣ ಕಟ್ಟುತ್ತಾನೆ. ವಾಸಿಯಾದವರು ಇದ್ದಾರೆ ಅಂತ ನಾಲ್ಕು ಹೆಸರು ಹೇಳುತ್ತಾರೆ. ನಾವು ಕೇಳುವುದು ಒಂದೇ ಮಾತು: ನಾಲ್ವರು ಸರಿ ಕಣ್ರಯ್ಯ, ಸತ್ತವರು ಎಷ್ಟು ಜನ? ಸತ್ತವರು ಎದ್ದು ಬಂದು ಸಾಕ್ಷಿ ಹೇಳೋದಿಲ್ಲ. ಬದುಕಿದವನಿಗೆ ನಿಜವಾಗಿ ಕ್ಯಾನ್ಸರ್ ಇತ್ತೇ, ಮೊದಲೇ ಆಪರೇಷನ್ ಆಗಿತ್ತೇ, ಅದನ್ನೂ ಇವರು ಹೇಳೋದಿಲ್ಲ.

ಲಕ್ಷ್ಮಣಫಲದ ಸಾರ ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ, ಸುಳ್ಳಲ್ಲ. ತಟ್ಟೆಯಲ್ಲಿ ಬ್ಲೀಚಿಂಗ್ ಪೌಡರೂ ಕೊಲ್ಲುತ್ತದೆ. ಮನುಷ್ಯರ ಮೈಯಲ್ಲಿ ಅದು ಕ್ಯಾನ್ಸರ್ ವಾಸಿ ಮಾಡುತ್ತದೆ ಅಂತ ಯಾವ ಪರೀಕ್ಷೆಯೂ ಸಾಬೀತು ಮಾಡಿಲ್ಲ. ಗ್ವಾಡಲೂಪ್ ದ್ವೀಪದಲ್ಲಿ ಈ ಹಣ್ಣು, ಎಲೆ ಬಳಸುತ್ತಿದ್ದವರಲ್ಲಿ ಪಾರ್ಕಿನ್ಸನ್ ತರದ ನರರೋಗ ಕಂಡದ್ದು ಮಾತ್ರ 1999ರಲ್ಲೇ ವರದಿಯಾಗಿದೆ.

2018ರಲ್ಲಿ ಅಚ್ಚಾದ ಅಮೆರಿಕದ ಒಂದು ಅಧ್ಯಯನ 281 ರೋಗಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿತು. ಕ್ಯಾನ್ಸರ್ ಇನ್ನೂ ಮೈಯೆಲ್ಲ ಹರಡದಿದ್ದಾಗಲೇ ಆಸ್ಪತ್ರೆ ಬಿಟ್ಟು ಬದಲಿ ಮದ್ದನ್ನೇ ನಂಬಿದವರು ಅವರು. ಆಸ್ಪತ್ರೆ ಚಿಕಿತ್ಸೆ ಪಡೆದವರಿಗಿಂತ ಅವರಿಗೆ ಸಾವಿನ ಅಪಾಯ 2.5 ಪಟ್ಟು, ಸ್ತನ ಕ್ಯಾನ್ಸರ್‌ನಲ್ಲಿ 5 ಪಟ್ಟಿಗೂ ಹೆಚ್ಚು. ಅವರಲ್ಲಿ ಓದಿದವರು, ಉಳ್ಳವರೇ ಜಾಸ್ತಿ. ದುಡ್ಡೂ ಡಿಗ್ರಿಯೂ ಕಾಯಲಿಲ್ಲ.

'ವಿಜ್ಞಾನ ಸಿರಿವಂತರದು, ನಾಟಿವೈದ್ಯ ನಮ್ಮ ಜನರದು' ಅಂತ ನಮ್ಮ ಗೆಳೆಯರಲ್ಲೇ ಕೆಲವರು ವಾದಿಸುತ್ತಾರೆ. ಬೇರು ನಾರು ಗುರುತಿಸಿದ್ದು ದನ ಮೇಯಿಸಿದವರು, ಕಾಡು ಸುತ್ತಿದವರು. ಆ ಅರಿವಿಗೆ ನಾವು ಬೆನ್ನು ತಿರುಗಿಸೋದಿಲ್ಲ. ಅದಕ್ಕೇ ಅದನ್ನು ಪರೀಕ್ಷೆಗೆ ಒಡ್ಡಿ ಅನ್ನುತ್ತೇವೆ. ಹಟ್ಟಿ ಮುಂದೆ ಅರಳುವ ನಿತ್ಯಪುಷ್ಪವನ್ನೇ ನೋಡಿ. ಜಮೈಕಾದ ಜನ ಅದರ ಎಲೆಯನ್ನು ಸಕ್ಕರೆ ಕಾಯಿಲೆಗೆ ಕುಡಿಯುತ್ತಿದ್ದರು. ಕೆನಡಾದ ರಾಬರ್ಟ್ ನೋಬಲ್, ಚಾರ್ಲ್ಸ್ ಬೀರ್ ಪರೀಕ್ಷಿಸಿದರು. ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣ ಇಳಿದವು. ಆ ಜಾಡು ಹಿಡಿದು ವಿನ್‌ಬ್ಲಾಸ್ಟಿನ್ ಸಿಕ್ಕಿತು. 1958ರಲ್ಲಿ ಅವರು ಅದನ್ನು ಜಗತ್ತಿಗೆ ಹೇಳಿದರು. ಅದೇ ಗಿಡದ ವಿನ್‌ಕ್ರಿಸ್ಟಿನ್ ಇಂದು ಮಕ್ಕಳ ರಕ್ತ ಕ್ಯಾನ್ಸರ್‌ಗೆ ಕೊಡುವ ಮದ್ದುಗಳಲ್ಲೊಂದು. ಹಂಗಂತ ಗಿಡ ಕಿತ್ತು ಅರೆದು ಕುಡಿದರೆ ವಿಷ. ಯಾರಿಗೆ, ಎಷ್ಟು, ಎಷ್ಟು ದಿನ ಅಂತ ಅಳೆದದ್ದಕ್ಕೇ ಅದು ಮದ್ದಾಯಿತು.

'ಹಿಂದಿನಿಂದ ಬಂದದ್ದು, ಪ್ರಶ್ನೆ ಮಾಡಬೇಡ' ಅಂದವರ ಮಾತು ಕೇಳಿದ್ದರೆ ನಮ್ಮವರು 1927ರಲ್ಲಿ ಮಹಾಡದ ಕೆರೆಯ ನೀರು ಮುಟ್ಟುತ್ತಲೇ ಇರಲಿಲ್ಲ. ಸತ್ತ ದನ ಹೊತ್ತವನನ್ನು ಮುಟ್ಟದವರು ದನದ ಉಚ್ಚೆಯನ್ನು ಮದ್ದು ಅಂದರೆ, ಅದಕ್ಕೂ ಪ್ರಮಾಣ ಕೇಳುತ್ತೇವೆ.

ಬಡವ ಪೊಟ್ಟಣದ ಮದ್ದಿಗೆ ಹೋಗುವುದು ದಡ್ಡತನದಿಂದಲ್ಲ. ಆಸ್ಪತ್ರೆ ದೂರ, ಕೂಲಿ ಖೋತಾ, ಅಲ್ಲಿ ಮನುಷ್ಯರ ಹಾಗೆ ಮಾತಾಡಿಸುವವರಿಲ್ಲ. ವೈದ್ಯ ಕೈ ಹಿಡಿದು ಮಾತಾಡುತ್ತಾನೆ. ಈ ತಪ್ಪು ಸರ್ಕಾರದ್ದು. ಕ್ಯಾನ್ಸರ್ ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವುದು 1954ರ ಕಾಯಿದೆಯಲ್ಲೇ ಅಪರಾಧ. ಆದರೂ ಬಸ್‌ಸ್ಟ್ಯಾಂಡ್ ಗೋಡೆ ನೋಡಿ! ಕಾಯಿದೆ ಜಾರಿಯಾಗಲಿ, ಚಿಕಿತ್ಸೆ ತಾಲ್ಲೂಕಿನ ಹತ್ತಿರಕ್ಕೆ ಬರಲಿ.

ಮೇಷ್ಟ್ರುಗಳೇ, ಗೆಳೆಯರೇ, ಎದೆಯಲ್ಲಿ ಗಂಟು, ಬಾಯಲ್ಲಿ ಮಾಯದ ಹುಣ್ಣು ಕಂಡರೆ ಮೊದಲು ಆಸ್ಪತ್ರೆಗೆ ಕರೆದೊಯ್ಯಿರಿ. ಕಷಾಯ ಕುಡಿಯುತ್ತ ಕಳೆದ ಆರು ತಿಂಗಳನ್ನು ಯಾವ ವೈದ್ಯನೂ ವಾಪಸ್ ಕೊಡಲಾರ.