ಬೀಳುವುದು ವಯೋಧರ್ಮವಲ್ಲ

ಮನೆಯಲ್ಲಿ ಹಿರಿಯರೊಬ್ಬರು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆಂಬ ಸುದ್ದಿ ಬಂದೊಡನೆ ನಮ್ಮವರ ಬಾಯಿಂದ ಹೊರಡುವ ಮಾತುಗಳು ಎರಡು: ‘ವಯಸ್ಸಾಯಿತಲ್ಲ’ ಎಂಬುದೊಂದು, ‘ಗ್ರಹಚಾರ’ ಎಂಬುದಿನ್ನೊಂದು. ಎರಡೂ ಸಮಾಧಾನದ ಮಾತುಗಳೇ ಹೌದು. ಆದರೆ ಯಾವ ಸಮಾಧಾನವು ವಿಚಾರಣೆಗೆ ಅವಕಾಶವನ್ನೇ ಕೊಡದೋ ಅದು ಮುಂದಿನ ಅನಾಹುತಕ್ಕೆ ಎಡೆ ಮಾಡಿಕೊಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಂಪ್ರತಿ ಸುಮಾರು 6,84,000 ಮಂದಿ ಬಿದ್ದ ಪೆಟ್ಟಿನಿಂದಲೇ ಮೃತರಾಗುತ್ತಾರೆ. ಅವರಲ್ಲಿ 60 ವರ್ಷ ದಾಟಿದವರ ಸಂಖ್ಯೆಯೇ ಅಧಿಕ. ಇಷ್ಟು ದೊಡ್ಡ ಲೆಕ್ಕವನ್ನು ಶನಿ ರಾಹುಗಳ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ವಿವೇಕಿಗಳ ಲಕ್ಷಣವಲ್ಲ.

ಕಾರಣವನ್ನು ಅರಸಹೊರಟವರು ಜಾತಕವನ್ನು ಬದಿಗಿಟ್ಟು ಮೊದಲು ಬಚ್ಚಲುಮನೆಯನ್ನು ಹೊಕ್ಕು ನೋಡತಕ್ಕದ್ದು. ಹಬ್ಬದ ಮುಂಜಾನೆ ಮೈತುಂಬ ಎಣ್ಣೆ ಹಚ್ಚಿಕೊಂಡ ಅಜ್ಜಿ, ಸೀಗೆಪುಡಿಯಿಂದ ತಲೆ ತಿಕ್ಕಿಕೊಂಡು, ಬಿಸಿನೀರಿನ ಹಬೆಯಲ್ಲಿ ಕನ್ನಡಕವಿಲ್ಲದ ಕಣ್ಣನ್ನು ಅರೆತೆರೆದು, ತಗ್ಗಾದ ಮಣೆಯಿಂದ ಮೇಲೇಳುವಾಗ ಆಕೆಯ ಕೈಗೆ ಸಿಕ್ಕುವುದೇನು? ಒಂದು ನಲ್ಲಿ, ಇಲ್ಲವೆ ಎರಡು ಸ್ಕ್ರೂಗಳ ಆಧಾರದಲ್ಲಿ ನಿಂತ ಟವೆಲಿನ ಕಂಬಿ. ಬಟ್ಟೆಯ ಭಾರಕ್ಕೆಂದು ಮಾಡಿದ ಕಂಬಿಯು ಮನುಷ್ಯರ ಭಾರಕ್ಕೆ ಕಿತ್ತುಬಂದರೆ ಆಶ್ಚರ್ಯವೇನೂ ಇಲ್ಲ. ಕಾಲಡಿಯಲ್ಲಿ ಎಣ್ಣೆ, ಸೀಗೆ ಬೆರೆತ ನೀರು. ಅದರ ಕೆಳಗೆ ನುಣುಪಾದ ಟೈಲ್ಸು. ಬಾಗಿಲೋ ಒಳಕ್ಕೆ ತೆರೆದುಕೊಳ್ಳುವಂಥದು. ಬಿದ್ದವರ ದೇಹವೇ ಅದಕ್ಕೆ ಅಡ್ಡವಾಗಿ, ಕೂಗು ಕೇಳಿ ಓಡಿಬಂದವರು ಹೊರಗೆ ನಿಂತು ಪರಿತಪಿಸಬೇಕಾಗುತ್ತದೆ. ಗೃಹಪ್ರವೇಶಕ್ಕೆ ಮುನ್ನ ವಾಸ್ತುಪಂಡಿತರನ್ನು ಕರೆಸಿ ಎಂಟು ದಿಕ್ಕುಗಳನ್ನೂ ಪರೀಕ್ಷಿಸುವ, ದೇವರಮನೆಯ ಬಾಗಿಲಿಗೆ ಸಾಲು ಗಂಟೆಗಳನ್ನು ಕಟ್ಟಿಸುವ ಗೃಹಸ್ಥರಿಗೆ, ಕಮೋಡಿನ ಪಕ್ಕದ ಗೋಡೆಗೆ ಗಟ್ಟಿಯಾದ ಒಂದು ಹಿಡಿಕೆಯನ್ನು ಹಾಕಿಸಬೇಕೆಂದು ಮಾತ್ರ ತೋರುವುದಿಲ್ಲ.

ಮನೆಯಂತೆ ದೇಹವೂ ವಿಚಾರಾರ್ಹವೇ. ನಡುರಾತ್ರಿ ಮೂತ್ರಬಾಧೆಯಿಂದ ಎಚ್ಚೆತ್ತು ಥಟ್ಟನೆ ಎದ್ದು ನಿಂತಾಗ ರಕ್ತದೊತ್ತಡ ಇಳಿದು ಕಣ್ಣು ಕತ್ತಲಿಡುವುದು ವೃದ್ಧರಲ್ಲಿ ಅಪರೂಪವಲ್ಲ; ಬಿ.ಪಿ. ಮಾತ್ರೆ, ನಿದ್ರೆಯ ಮಾತ್ರೆಗಳು ಈ ತೊಂದರೆಯನ್ನು ಹೆಚ್ಚಿಸಲೂಬಹುದು. ಬಹುಕಾಲದ ಸಕ್ಕರೆ ಕಾಯಿಲೆಯು ಪಾದದ ಸ್ಪರ್ಶಜ್ಞಾನವನ್ನು ಕುಂದಿಸುತ್ತದೆ. ಕಣ್ಣಿನ ಪೊರೆ ಹೊಸ್ತಿಲಿನ ಎತ್ತರವನ್ನು ಮರೆಮಾಡುತ್ತದೆ. ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕುಳಿತು ಅನಂತರ ಏಳುವುದು, ಕೈಗೆಟಕುವಲ್ಲಿ ದೀಪದ ಸ್ವಿಚ್ಚಿರುವುದು, ಬೇರೆ ಬೇರೆ ವೈದ್ಯರು ಬರೆದುಕೊಟ್ಟ ಮಾತ್ರೆಗಳನ್ನೆಲ್ಲ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ ಒಬ್ಬರೇ ವೈದ್ಯರಿಗೆ ತೋರಿಸುವುದು: ಇವಾವುವೂ ದುಬಾರಿಯಾದ ಚಿಕಿತ್ಸೆಗಳಲ್ಲ.

ಆದರೆ ಇವೆಲ್ಲಕ್ಕಿಂತ ಸೂಕ್ಷ್ಮವಾದ ಅಪಾಯವೊಂದುಂಟು. ಅದು ಪ್ರೀತಿಯ ವೇಷದಲ್ಲಿ ಬರುತ್ತದೆ. ಒಮ್ಮೆ ಬಿದ್ದೆದ್ದ ತಾಯಿಗೆ ಮಕ್ಕಳು ಹೇಳುವ ಮೊದಲ ಮಾತು, ‘ನೀನು ಸುಮ್ಮನೆ ಒಂದು ಕಡೆ ಕೂತಿರಮ್ಮ, ಏನು ಬೇಕೋ ನಾವು ತಂದುಕೊಡ್ತೀವಿ’ ಎಂಬುದು. ಕೂತಲ್ಲೇ ಕೂತವರ ತೊಡೆಯ ಸ್ನಾಯುಗಳು ದಿನೇದಿನೇ ಕ್ಷೀಣಿಸುತ್ತವೆ, ಸಮತೋಲದ ಅಭ್ಯಾಸ ತಪ್ಪುತ್ತದೆ, ಭಯ ಬಲಿಯುತ್ತದೆ, ಕೊನೆಗೊಮ್ಮೆ ಅನಿವಾರ್ಯವಾಗಿ ಎದ್ದಾಗ ಎರಡನೆಯ ಪತನವು ಕಾದೇ ಇರುತ್ತದೆ. ಈ ನಿರ್ಬಂಧಕ್ಕೆ ಅಂಜಿ ಎಷ್ಟೋ ಮಂದಿ ಹಿರಿಯರು ತಾವು ಬಿದ್ದುದನ್ನೇ ಬಚ್ಚಿಡುತ್ತಾರೆ. ಹೇಳಿದರೆ ದೇವಸ್ಥಾನಕ್ಕೆ ಹೋಗುವುದೂ ತರಕಾರಿ ತರುವುದೂ ನಿಂತುಹೋದೀತೆಂಬುದು ಅವರ ಅಳುಕು. ಹೀಗೆ ಮೊದಲ ಎಚ್ಚರಿಕೆಯು ಮನೆಯವರಿಗೆ ತಲುಪದೆಯೇ ಹೋಗುತ್ತದೆ.

ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು ಇದಕ್ಕೆ ವಿರುದ್ಧವಾದ ದಾರಿಯನ್ನು ಹಿಡಿದು ನೋಡಿದರು. ವೃದ್ಧರು ತಮ್ಮ ಮನೆಯಲ್ಲಿಯೇ ವಾರಕ್ಕೆ ಮೂರು ಸಲ ಕಾಲಿನ ಬಲವನ್ನೂ ಸಮತೋಲವನ್ನೂ ವೃದ್ಧಿಪಡಿಸುವ ವ್ಯಾಯಾಮಗಳನ್ನು ಮಾಡಿ, ಜೊತೆಗೆ ನಡಿಗೆಯನ್ನೂ ಇಟ್ಟುಕೊಂಡಾಗ ಬೀಳುವ ಸಂದರ್ಭಗಳು ಮೂರನೆಯ ಒಂದು ಭಾಗದಷ್ಟು ಕಡಿಮೆಯಾದವು. ಕುರ್ಚಿಯಿಂದ ಎದ್ದು ಕೂರುವುದು, ಆಸರೆ ಹಿಡಿದು ಒಂಟಿಕಾಲಿನಲ್ಲಿ ನಿಲ್ಲುವುದು, ಹಿಮ್ಮಡಿಗೆ ಬೆರಳು ತಾಗುವಂತೆ ಹೆಜ್ಜೆಯ ಮುಂದೆ ಹೆಜ್ಜೆಯಿಡುವುದು ಮುಂತಾದ ಈ ಅಭ್ಯಾಸಗಳನ್ನು ತಿಳಿದವರಿಂದ ಒಮ್ಮೆ ಕಲಿತರೆ, ಅಡುಗೆಮನೆಯ ಕಟ್ಟೆಯನ್ನು ಹಿಡಿದುಕೊಂಡೇ ಮಾಡಬಹುದು.

ಸರ್ಕಾರದ ಪಾಲಿನ ಕರ್ತವ್ಯವೂ ಇಲ್ಲದಿಲ್ಲ. 2011ರ ಜನಗಣತಿಯ ವೇಳೆಗೇ ಈ ದೇಶದಲ್ಲಿ 60 ದಾಟಿದವರು ಹತ್ತು ಕೋಟಿಗೂ ಮಿಗಿಲಾಗಿದ್ದರು. ಬಿ.ಪಿ., ಸಕ್ಕರೆ ನೋಡಿಸಿಕೊಳ್ಳಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದ ಪ್ರತಿಯೊಬ್ಬ ಹಿರಿಯರನ್ನೂ ‘ಕಳೆದ ವರ್ಷ ಎಲ್ಲಿಯಾದರೂ ಬಿದ್ದಿರಾ?’ ಎಂದು ಕೇಳಿ, ಕುರ್ಚಿಯಿಂದೆದ್ದು ಮೂರು ಮೀಟರ್ ನಡೆದು ಮರಳಿ ಬಂದು ಕೂರುವಂತೆ ಮಾಡಿ ನೋಡುವ ಪದ್ಧತಿ ಎಲ್ಲೆಡೆ ರೂಢಿಗೆ ಬರಬೇಕು. ಅದಕ್ಕೆ ಬೇಕಾದುದು ಒಂದು ಕುರ್ಚಿ, ಒಂದು ಗಡಿಯಾರ. ಹೊಸ ಮನೆಯ ನಕ್ಷೆಗೆ ಮಂಜೂರಾತಿ ಕೊಡುವ ಪುರಸಭೆ, ನಗರಸಭೆಗಳು ಬಚ್ಚಲಿನ ಹಿಡಿಕೆಯನ್ನೂ ಹೊರಕ್ಕೆ ತೆರೆಯುವ ಬಾಗಿಲನ್ನೂ ಕಡ್ಡಾಯ ಮಾಡಿದರೆ ಮಾಲೀಕನಿಗೆ ತಗಲುವ ವೆಚ್ಚ, ಆಸ್ಪತ್ರೆಯಲ್ಲಿ ಸೊಂಟದ ಮೂಳೆಯ ಶಸ್ತ್ರಚಿಕಿತ್ಸೆಗೆ ತೆರಬೇಕಾದ ಹಣದ ಮುಂದೆ ಲೆಕ್ಕಕ್ಕೇ ಬಾರದು. ಅಲ್ಲಿಯವರೆಗೆ ಮನೆಮಂದಿಯೇ ಒಂದು ದಿನ ತಮ್ಮ ಹಿರಿಯರ ಜೊತೆ ಹಾಸಿಗೆಯಿಂದ ಬಚ್ಚಲಿನವರೆಗೆ ನಡೆದು, ಕಾಲಿಗೆ ತೊಡರುವುದೇನು, ಕೈಗೆ ಆಸರೆಯಿಲ್ಲದ ಜಾಗ ಯಾವುದು ಎಂದು ಅವರನ್ನೇ ಕೇಳಿ ತಿಳಿಯಲಿ. ಅದನ್ನು ಸರಿಪಡಿಸಿಕೊಟ್ಟ ಮೇಲೆ ಅವರನ್ನು ದೇವಸ್ಥಾನಕ್ಕೂ ಸಂತೆಗೂ ನಿರಾತಂಕವಾಗಿ ಹೋಗಗೊಡಲಿ.