ಹಾಲಾಹಲಕ್ಕೆ ಒಂದು ತೇರು

ಹೋದ ತಿಂಗಳು ಕೆ.ಆರ್. ಪುರದಿಂದ ಅಕ್ಕನ ಫೋನು. "ನಿನ್ನ ಸೋದರಳಿಯನಿಗೆ ಸ್ವಲ್ಪ ಬುದ್ಧಿ ಹೇಳೋ. ಎರಡನೇ ಪಿಯುಸಿ ಇದು. ಹೊತ್ತು ಗೊತ್ತಿಲ್ಲದೆ ಕಿವಿಗೆ ಹೆಡ್‌ಫೋನು, ಕೈಯಲ್ಲಿ ಚಿತ್ರದ ಪುಸ್ತಕ. ಎಂಟು ವರ್ಷದ ಮಕ್ಕಳೂ ಬಿಟ್ಟಿರೋ ಪುಸ್ತಕ ಅದು" ಎಂದಳು. ಭಾನುವಾರ ಕಳಿಸು ಎಂದೆ. ಬುದ್ಧಿ ಹೇಳುವುದು ನನಗೆ ಕಷ್ಟದ ಕೆಲಸವೇನಲ್ಲ. ಕೇಳುವವರು ಸಿಗುವುದೇ ಕಷ್ಟ.

ಹುಡುಗ ಮೆಟ್ರೋ ಹತ್ತಿ ಹಲಸೂರಿಗೆ ಬಂದ. ಅಜ್ಜಿಯ ಕಾಲಿಗೆರಗಿ, ಕಾಫಿ ಕುಡಿದು, ಮೂಲೆಯ ಕುರ್ಚಿಯಲ್ಲಿ ಕುಳಿತವನೇ ಕಿವಿ ಮುಚ್ಚಿಕೊಂಡ. ತೊಡೆಯ ಮೇಲೆ ಕಾಮಿಕ್ ಪುಸ್ತಕ.

"ಏನೋ ಅದು, ಹಾಡು ಕೇಳ್ತಾ ಇದೀಯೋ, ಪುಸ್ತಕ ಓದ್ತಾ ಇದೀಯೋ?"

"ಎರಡೂ ಒಂದೇ ಕತೆ ಮಾವ" ಎಂದ.

ಬುದ್ಧಿ ಹೇಳುವ ಮೊದಲು ಅಪರಾಧ ಏನೆಂದು ತಿಳಿಯಬೇಕಲ್ಲ, ವಿವರ ಕೇಳಿದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಕೋಹೀಡ್ ಅಂಡ್ ಕೇಂಬ್ರಿಯಾ ಎಂಬ ರಾಕ್ ತಂಡವಿದೆ. ಹಾಡುಗಾರ ಕ್ಲಾಡಿಯೋ ಸ್ಯಾಂಚೆಜ್. ಈತ ಏಳು ನಕ್ಷತ್ರ, ಎಪ್ಪತ್ತೆಂಟು ಗ್ರಹಗಳ ಒಂದು ಲೋಕವನ್ನು ಕಲ್ಪಿಸಿ, ಅಲ್ಲಿನ ಯುದ್ಧದ ಕತೆಯನ್ನು ಆಲ್ಬಮ್ ಆದ ಮೇಲೆ ಆಲ್ಬಮ್ ಆಗಿ ಹಾಡುತ್ತಾ ಬಂದಿದ್ದಾನೆ. ಕೋಹೀಡ್, ಕೇಂಬ್ರಿಯಾ ಎಂಬುದು ಕತೆಯಲ್ಲಿ ಬರುವ ಗಂಡ ಹೆಂಡಿರ ಹೆಸರು. ಅದೇ ಕತೆ 'ದಿ ಆಮರಿ ವಾರ್ಸ್' ಎಂಬ ಹೆಸರಿನಲ್ಲಿ ಕಾಮಿಕ್ ಪುಸ್ತಕಗಳಾಗಿಯೂ ಬರುತ್ತದೆ. 2002ರಲ್ಲಿ ಬಂದ ಮೊದಲ ಆಲ್ಬಮ್ ಕತೆಯ ಎರಡನೆಯ ಅಧ್ಯಾಯ. ಮೊದಲನೆಯ ಅಧ್ಯಾಯ ಬಂದದ್ದು ಎಂಟು ವರ್ಷ ತಡವಾಗಿ, 2010ರಲ್ಲಿ. 2025ರಲ್ಲೂ ಹೊಸ ಕಂತು ಬಂದಿದೆ. ಯುದ್ಧ ಮುಗಿದಿಲ್ಲ.

"ಹಾಡಿನಲ್ಲೇ ಕತೆ ಇದ್ದ ಮೇಲೆ ಪುಸ್ತಕ ಯಾಕೆ?" ಎಂದೆ.

"ಹಾಡಲ್ಲಿ ಯಾರು ಯಾರನ್ನ ಕೊಂದರು ಅಂತ ಗೊತ್ತಾಗಲ್ಲ ಮಾವ. ಅವರಿಗೆ ಹೇಗನ್ನಿಸ್ತು ಅನ್ನೋದು ಮಾತ್ರ ಗೊತ್ತಾಗುತ್ತೆ. ಯಾರು, ಯಾಕೆ ಅನ್ನೋದು ಪುಸ್ತಕದಲ್ಲಿರುತ್ತೆ."

ಒಳಗೆ ಅವರೆಕಾಯಿ ಸುಲಿಯುತ್ತಿದ್ದ ನಮ್ಮಮ್ಮ ಅಲ್ಲಿಂದಲೇ ಹೇಳಿದರು: "ಹಾಗಂದ್ರೆ ಗಮಕದ ಹಾಗೇ ಆಯ್ತಲ್ಲೋ. ಒಬ್ಬರು ಹಾಡ್ತಾರೆ, ಪಕ್ಕದಲ್ಲಿ ಕೂತವರು ಅರ್ಥ ಹೇಳ್ತಾರೆ."

ನನಗೆ ಹೊಳೆಯದ ಮಾತು. ಗಮಕಿ ಕುಮಾರವ್ಯಾಸನ ಷಟ್ಪದಿಯನ್ನು ರಾಗದಲ್ಲಿ ಹಾಡುವಾಗ ಸಭೆಗೆ ಭಾವ ತಾಗುತ್ತದೆ. ವ್ಯಾಖ್ಯಾನಕಾರರು ಬಾಯಿ ತೆರೆದಾಗ ಯಾರು ಯಾರಿಗೆ ಏನು ಹೇಳಿದರು ಎನ್ನುವುದು ತಿಳಿಯುತ್ತದೆ. ಇಬ್ಬರ ನಡುವೆ ಒಂದು ತೆರಪು ಉಳಿಯುತ್ತದಲ್ಲ, ಅದನ್ನು ತುಂಬಿಕೊಳ್ಳುವವನು ಕೇಳುಗ. ಸ್ಯಾಂಚೆಜ್ ಮಾಡುತ್ತಿರುವುದೂ ಇದನ್ನೇ. ಹಾಡು ಗಮಕಿಯಾದರೆ ಕಾಮಿಕ್ ವ್ಯಾಖ್ಯಾನಕಾರ.

ಇಂಥದ್ದು ನಮ್ಮ ದಂಡಿನ ಕಡೆಯವರಿಗೆ ತೀರ ಹೊಸದೂ ಅಲ್ಲ. ಬ್ರಿಟಿಷರು 1809ರಲ್ಲಿ ಕಟ್ಟಿದ ಈ ದಂಡು ಪ್ರದೇಶ 1949ರಲ್ಲಿ ಪೇಟೆಯ ಜೊತೆ ಒಂದೇ ನಗರಪಾಲಿಕೆಗೆ ಸೇರಿತು. ಕಾಗದದ ಮೇಲೆ ಸೇರಿದ್ದು ಕಿವಿಯಲ್ಲಿ ಸೇರಲು ಬಹಳ ಕಾಲ ಬೇಕಾಯಿತು. ಪೇಟೆಯಲ್ಲಿ ರಾಮೋತ್ಸವದ ಕಛೇರಿ ನಡೆಯುವಾಗ ಇಲ್ಲಿನ ಹುಡುಗರು ಗಿಟಾರು ಹಿಡಿದಿರುತ್ತಿದ್ದರು. ಕಾಲೇಜಿನ ದಿನಗಳಲ್ಲಿ ನನಗೊಬ್ಬ ಗೆಳೆಯ ಕೆನಡಾದ ರಶ್ ತಂಡದ '2112' ಕ್ಯಾಸೆಟ್ಟು ಕೊಟ್ಟಿದ್ದ. 1976ರ ಆಲ್ಬಮ್ ಅದು. ಅದರ ಒಂದು ಬದಿ ಪೂರ್ತಿ ಒಂದೇ ಕತೆ: ಪುರೋಹಿತರು ಆಳುವ ಭವಿಷ್ಯದ ಲೋಕದಲ್ಲಿ ಒಬ್ಬನಿಗೆ ಹಳೆಯ ಗಿಟಾರು ಸಿಗುತ್ತದೆ. ಕ್ಯಾಸೆಟ್ಟಿನ ಟೇಪು ಸಿಕ್ಕಿಕೊಂಡಾಗ ಪೆನ್ಸಿಲು ತೂರಿಸಿ ಸುತ್ತಿದ್ದೆ. ಗೆಳೆಯನಿಗೆ ಹಿಂದಿರುಗಿಸಲಿಲ್ಲ ಎನ್ನುವುದನ್ನು ಅಳಿಯನಿಗೆ ಹೇಳಲಿಲ್ಲ.

ಇನ್ನು ಚಿತ್ರದ ಪುಸ್ತಕ. ಅಕ್ಕ ಅದನ್ನು ಹಳಿಯುವಾಗ ಒಂದು ಸಂಗತಿ ಮರೆತಿದ್ದಳು. ದೇಶಕ್ಕೆಲ್ಲ ಹೆಸರಾದ 'ಅಮರ ಚಿತ್ರ ಕಥೆ' ಮೊದಲು ಬಂದದ್ದು ಕನ್ನಡದಲ್ಲಿ. 1965ರಲ್ಲಿ ಬೆಂಗಳೂರಿನ ಇಂಡಿಯಾ ಬುಕ್ ಹೌಸಿನ ಜಿ.ಕೆ. ಅನಂತರಾಮ್ ಹೊರತಂದ ಆ ಮೊದಲ ಪುಸ್ತಕಗಳು ಪಶ್ಚಿಮದ ಕಿನ್ನರಕತೆಗಳು. ಆಮೇಲೆ ಮುಂಬಯಿಯಿಂದ ಅನಂತ ಪೈ ಅವರ 'ಕೃಷ್ಣ' ಬಂದಾಗ ಅದರ ಸಂಖ್ಯೆ 11. ಮೊದಲ ಹತ್ತು ಏನಾದವು ಎಂದು ಕೇಳುವ ಮಕ್ಕಳಿಗೆ ಉತ್ತರ ಕನ್ನಡದಲ್ಲಿದೆ. ನಾವು ಓದಿದ ಇಂದ್ರಜಾಲ ಕಾಮಿಕ್ಸ್ ಕೂಡ ಕನ್ನಡದಲ್ಲಿ ಬರುತ್ತಿತ್ತು. ಫ್ಯಾಂಟಮನ ಉಂಗುರದ ಗುರುತು ನಮ್ಮ ಕೆನ್ನೆಯ ಮೇಲಿಲ್ಲದಿದ್ದರೂ ಮನಸ್ಸಿನ ಮೇಲಿದೆ.

ಮುಂದೆ ಈ ಊರಿನಲ್ಲಿ ಚಿತ್ರ ಬರೆಯುವವರು ಹೆಚ್ಚಿದರು, ಕನ್ನಡದ ಪುಸ್ತಕ ಹೆಚ್ಚಲಿಲ್ಲ. 2006ರಲ್ಲಿ ವರ್ಜಿನ್ ಕಾಮಿಕ್ಸ್ ಎಂಬ ಕಂಪನಿ ಬೆಂಗಳೂರಿನಲ್ಲಿ ಸ್ಟುಡಿಯೋ ಇಟ್ಟುಕೊಂಡು ರಾಮಾಯಣವನ್ನು ಕ್ರಿಸ್ತಶಕ 3392ಕ್ಕೆ ಒಯ್ದಿತು. ವೈಜ್ಞಾನಿಕ ಕಥೆಯ ರಾಮ, ಇಂಗ್ಲಿಷಿನಲ್ಲಿ. ಅತ್ತ ಕನ್ನಡದಲ್ಲಿ ರಾಜಶೇಖರ ಭೂಸನೂರಮಠರಂಥವರು ವಿಜ್ಞಾನ ಕಥೆ ಬರೆದರು. ಅವನ್ನು ಓದಿದವರು ಚಿತ್ರ ಬರೆಯಲಿಲ್ಲ, ಚಿತ್ರ ಬರೆದವರು ಅವನ್ನು ಓದಲಿಲ್ಲ. ನಡುವೆ ಒಂದು ಕಬ್ಬನ್ ಪಾರ್ಕು.

ಮಾತು ಇಲ್ಲಿಗೆ ಬಂದಾಗ ಹುಡುಗ ಚೀಲದಿಂದ ಇನ್ನೊಂದು ಪುಸ್ತಕ ತೆಗೆದ. ಚರ್ಚ್ ಸ್ಟ್ರೀಟಿನಲ್ಲಿ ಹಳೆಯದಾಗಿ ಕೊಂಡದ್ದು. 'ಲೆಜೆಂಡ್ಸ್ ಆಫ್ ಹಾಲಾಹಲ', 2013. ಬರೆದವರು ಅಪ್ಪುಪೆನ್. ಅದು ಕುಂಚನಾಮ. ನಿಜ ಹೆಸರು ಜಾರ್ಜ್ ಮ್ಯಾಥನ್, ಬೆಂಗಳೂರಿನ ಕಲಾವಿದ. 2009ರ 'ಮೂನ್‌ವರ್ಡ್'ನಿಂದ ಆರಂಭಿಸಿ 2014ರ 'ಆಸ್ಪೈರಸ್', 2018ರ 'ದಿ ಸ್ನೇಕ್ ಅಂಡ್ ದ ಲೋಟಸ್'ವರೆಗೆ ಇವರು ಕಟ್ಟುತ್ತಾ ಬಂದದ್ದು ಒಂದೇ ಲೋಕ, ಅದರ ಹೆಸರೇ ಹಾಲಾಹಲ. ಕೃತಕ ಬುದ್ಧಿಮತ್ತೆಯ ಬಗ್ಗೆ ಫ್ರಾನ್ಸಿನ ವಿಜ್ಞಾನಿ ಲೋರಾಂ ದೋದೆ ಜೊತೆ ಮಾಡಿದ 'ಡ್ರೀಮ್ ಮಷೀನ್' ಬೇರೆ ಇದೆ.

"ಇವರೂ ಬ್ಯಾಂಡಿನಲ್ಲಿದ್ದವರೇ ಮಾವ" ಎಂದ. ಹೌದು, ಬೆಂಗಳೂರಿನ ಲೌಂಜ್ ಪಿರಾನಾ ತಂಡದಲ್ಲಿ ಡ್ರಮ್ಸ್ ನುಡಿಸುತ್ತಿದ್ದವರು. ಆ ತಂಡದ 'ಗೋಯಿಂಗ್ ನೋವೇರ್' ಆಲ್ಬಮ್ 2008ರದು, ಹಾಲಾಹಲದ ಮೊದಲ ಪುಸ್ತಕ ಮರುವರ್ಷದ್ದು. ಆ ಹಾಡುಗಳಿಗೂ ಈ ಲೋಕಕ್ಕೂ ಸ್ಯಾಂಚೆಜ್‌ನಲ್ಲಿರುವಂಥ ಗಂಟು ಹಾಕುವುದು ತಪ್ಪಾದೀತು. ಕೈ ಮಾತ್ರ ಒಂದೇ.

ಹೆಸರು ಕೇಳಿ ಅಮ್ಮ ಮೊರ ಬಿಟ್ಟು ಎದ್ದು ಬಂದರು. "ಹಾಲಾಹಲಾನಾ? ಹಲಸೂರಿನ ಪಕ್ಕದ ಊರೇನೋ ಅದು?" ಎಂದು ನಕ್ಕು ಕನ್ನಡಕ ಹಾಕಿಕೊಂಡರು. ಅಮ್ಮನಿಗೆ ಇಂಗ್ಲಿಷು ಬಾರದು. ಮೊಮ್ಮಗನ ಯಾವ ಪುಸ್ತಕವನ್ನೂ ಅವರು ಮುಟ್ಟಿದ್ದನ್ನು ನಾನು ಕಂಡಿಲ್ಲ. ಆದರೆ ಇದು ಐದು ಪ್ರೇಮಕತೆಗಳ ಪುಸ್ತಕ, ಕತೆಗಳಲ್ಲಿ ಮಾತೇ ಇಲ್ಲ. ಎಲ್ಲವನ್ನೂ ಚಿತ್ರಗಳೇ ಹೇಳಬೇಕು.

ಅಮ್ಮ ಮೊದಲು ಪುಟದ ನಡುವಿನಿಂದ ನೋಡತೊಡಗಿದರು. ಹುಡುಗ ಪಕ್ಕದಲ್ಲಿ ಕುಳಿತು, "ಹಾಗಲ್ಲ ಅಜ್ಜಿ, ಎಡಗಡೆಯಿಂದ ಬಾ" ಎಂದು ಚೌಕದಿಂದ ಚೌಕಕ್ಕೆ ಬೆರಳಿಟ್ಟು ತೋರಿಸಿದ. ನಾಲ್ಕು ಪುಟ ಆಗುವುದರಲ್ಲಿ ಬೆರಳು ಬೇಕಾಗಲಿಲ್ಲ. ಅಮ್ಮ ಒಂದೊಂದು ಕಡೆ "ಅಯ್ಯೋ ಪಾಪ" ಎಂದರು. ಒಂದು ಕಡೆ "ಇವನಿಗೆ ಹೀಗೇ ಆಗಬೇಕು" ಎಂದರು. ಹುಡುಗನಿಗೆ ಹಾಗೆ ಅನ್ನಿಸಿರಲಿಲ್ಲವಂತೆ. ಇಬ್ಬರೂ ವಾದಕ್ಕೆ ಬಿದ್ದರು. ಅವರೆಕಾಯಿ ಅಲ್ಲೇ ಉಳಿಯಿತು.

"ಇಷ್ಟು ಬರೆದಿದಾರೆ, ಒಂದು ಹಾಡೂ ಇಟ್ಟಿಲ್ವಲ್ಲೋ?"

"ಡ್ರಮ್ ಹೊಡೀತಿದ್ರು ಅಜ್ಜಿ ಇವರು."

"ಅದಕ್ಕೇ. ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿದೆ" ಎಂದು ಅಮ್ಮ ಪುಟ ತಿರುಗಿಸಿದರು.

ಆಮೇಲೆ ಹುಡುಗ ಹಾಲಾಹಲ ಅಂದರೆ ಏನೆಂದು ಕೇಳಿದ. ಹದಿನೇಳು ವರ್ಷದ ಹುಡುಗ, ಎಪ್ಪತ್ತೆಂಟು ಗ್ರಹಗಳ ಯುದ್ಧ ಗೊತ್ತಿರುವವನು, ಇದನ್ನು ಕೇಳಿದ್ದು ಅಂದೇ ಮೊದಲು. ತಪ್ಪು ಅವನದಲ್ಲ. ನಾನು ಅವನಿಗೆ ವರ್ಷಕ್ಕೆ ಎರಡು ಬಾರಿ ಬುದ್ಧಿ ಹೇಳಿದ್ದೇನೆ, ಒಂದು ಕತೆ ಹೇಳಿಲ್ಲ. ಅಮ್ಮ ಸಮುದ್ರ ಮಥನ ಹೇಳಿದರು. ಮಂದರ ಪರ್ವತದ ಕಡೆಗೋಲು, ವಾಸುಕಿಯ ಹಗ್ಗ, ಅಮೃತಕ್ಕೆ ಮೊದಲು ಬಂದ ವಿಷ, ಅದನ್ನು ಗಂಟಲಲ್ಲಿ ಹಿಡಿದವನು. "ಅವನೇ ಇಲ್ಲಿ ಸೋಮೇಶ್ವರನ ಗುಡಿಯಲ್ಲಿ ಕೂತಿರೋನು, ನೀನು ಮೆಟ್ರೋದಿಂದ ಇಳಿದು ಬರ್ತೀಯಲ್ಲ" ಎಂದರು.

ಹುಡುಗ ಸುಮ್ಮನಿದ್ದ. ಸ್ವಲ್ಪ ಹೊತ್ತಾದ ಮೇಲೆ ಚೀಲದ ತಳದಿಂದ ಒಂದು ನೋಟ್‌ಬುಕ್ ತೆಗೆದ. ಅಕ್ಕನಿಗೆ ಗೊತ್ತಿಲ್ಲದ ನೋಟ್‌ಬುಕ್ಕು. ಅದರಲ್ಲಿ ಅವನದೇ ಒಂದು ಲೋಕ: ಕೆರೆಗಳೆಲ್ಲ ಬತ್ತಿದ ಮೇಲಿನ ಊರು, ನೀರು ಹುಡುಕಿ ಆಕಾಶಕ್ಕೆ ಹೊರಟ ಜನ. ಎಡಪುಟದಲ್ಲಿ ಚಿತ್ರ, ಬಲಪುಟದಲ್ಲಿ ಹಾಡು. ಹಾಡೆಲ್ಲ ಇಂಗ್ಲಿಷು.

"ಕನ್ನಡದಲ್ಲಿ ಯಾಕೆ ಬರೀಲಿಲ್ಲ?" ಎಂದೆ. ಕೇಳಿದ ಮೇಲೆ ನನಗೇ ಅದು ಬೈಗುಳದಂತೆ ಕೇಳಿಸಿತು.

"ಪದ ಸಿಗಲ್ಲ ಮಾವ. ಈಗ ಸ್ಪೇಸ್‌ಶಿಪ್‌ಗೆ ಏನಂತಾರೆ?"

"ಅಂತರಿಕ್ಷ ನೌಕೆ" ಎಂದೆ, ಪಾಠ ಮಾಡುವ ದನಿಯಲ್ಲಿ. ಹುಡುಗ ಅದನ್ನು ಬಾಯಲ್ಲಿ ಎರಡು ಸಲ ಹೊರಳಿಸಿದ. ಕುರ್ಚಿಯ ಕೈ ಮೇಲೆ ಬೆರಳಿನಿಂದ ತಾಳ ಹಾಕಿ ನೋಡಿದ. ಕೂರಲಿಲ್ಲ. ತಲೆ ಅಲ್ಲಾಡಿಸಿದ.

ಅಮ್ಮ ಮೊರ ಎಳೆದುಕೊಳ್ಳುತ್ತಾ, "ತೇರು ಅನ್ನೋ. ಅಷ್ಟು ಜನ ಕೂತು ಹೋಗೋದು ತಾನೆ?" ಎಂದರು.

ಹುಡುಗ ಮತ್ತೆ ಬೆರಳಾಡಿಸಿದ. ಎರಡೇ ಅಕ್ಷರ. ಇಂಗ್ಲಿಷಿನ ಪದವನ್ನು ಹೊಡೆದು ಹಾಕಿ ಮೇಲೆ ಕನ್ನಡದಲ್ಲಿ ಬರೆದ. 'ತೇ'ಗೆ ದೀರ್ಘ ಹಾಕಲು ಮರೆತಿದ್ದ. ನಾನು ತಿದ್ದಲಿಲ್ಲ.

ರಾತ್ರಿ ಅಕ್ಕ ಫೋನು ಮಾಡಿ, "ಬುದ್ಧಿ ಹೇಳಿದೆಯಾ?" ಎಂದಳು. ಮುಂದಿನ ಭಾನುವಾರವೂ ಕಳಿಸು, ಇನ್ನೂ ಮುಗಿದಿಲ್ಲ ಎಂದೆ.