ಡಿಬಗರ್ ತಡವಾಗಿ ಎದ್ದರೆ ನಮಗೇನು?

ಲ್ಯಾಬ್‌ನಲ್ಲಿ ಸಿ ಪ್ರೋಗ್ರಾಂ ಕೈಕೊಟ್ಟಾಗ ನಮ್ಮಲ್ಲಿ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ನಾಲ್ಕು ಸಾಲಿಗೊಂದು ಪ್ರಿಂಟ್‌ಎಫ್ ತುರುಕುವುದು. ‘ಇಲ್ಲಿಗೆ ಬಂತು’, ‘ಇಲ್ಲಿಗೂ ಬಂತು’ ಎಂದು ಪರದೆ ಹೇಳುತ್ತಾ ಹೋಗುತ್ತದೆ, ಕೊನೆಗೆ ಸೆಗ್ಮೆಂಟೇಶನ್ ಫಾಲ್ಟ್. ಡಿಬಗರ್ ಯಾಕೆ ಬಳಸಲ್ಲ ಎಂದು ಕೇಳಿದರೆ ಎರಡು ಉತ್ತರ ಸಿಗುತ್ತವೆ. ‘ಅದು ಶುರುವಾಗೋಕೇ ತುಂಬಾ ಹೊತ್ತು ಬೇಕು’ ಎನ್ನುವುದು ಒಂದು. ‘ಬ್ರೇಕ್‌ಪಾಯಿಂಟ್ ಹಾಕಿದ್ರೂ ನಿಲ್ಲಲ್ಲ’ ಎನ್ನುವುದು ಇನ್ನೊಂದು.

ಚಿಕ್ಕ ಲ್ಯಾಬ್ ಪ್ರೋಗ್ರಾಂಗಳಲ್ಲಿ ಈ ತೊಂದರೆ ಅಷ್ಟಾಗಿ ಕಾಣದು. ಆದರೆ ಇಂಟರ್ನ್‌ಶಿಪ್‌ಗೋ ಕೆಲಸಕ್ಕೋ ಸೇರಿ ದೊಡ್ಡ ಸಾಫ್ಟ್‌ವೇರ್ ಮುಟ್ಟಿದ ದಿನ ಎರಡೂ ದೂರು ನಿಜವೆನಿಸುತ್ತವೆ. ಇವು ಡಿಬಗರ್‌ನ ಹಣೆಬರಹವಲ್ಲ. ಎರಡಕ್ಕೂ ಕಾರಣವಿದೆ, ಆ ಕಾರಣವನ್ನು ಬಿಡಿಸಲು ಎಂಜಿನಿಯರುಗಳು ವರ್ಷಗಟ್ಟಲೆ ದುಡಿದಿದ್ದಾರೆ, ಇಂದಿಗೂ ದುಡಿಯುತ್ತಿದ್ದಾರೆ. ಇಂಥ ಕೆಲಸವೂ ನಮ್ಮ ಕಾಲೇಜುಗಳಲ್ಲಿ ‘ಪ್ರಾಜೆಕ್ಟ್’ ಅನ್ನಿಸಿಕೊಳ್ಳಬೇಕು ಎಂಬುದು ನನ್ನ ವಾದ.

ಲಿನಕ್ಸ್‌ನಲ್ಲಿ ಎಲ್ಲರಿಗೂ ಸಿಗುವ ಜಿಡಿಬಿಯನ್ನೇ ತೆಗೆದುಕೊಳ್ಳಿ. ರಿಚರ್ಡ್ ಸ್ಟಾಲ್‌ಮನ್ ಇದನ್ನು 1986ರಲ್ಲಿ ಗ್ನೂ ಯೋಜನೆಗಾಗಿ ಬರೆದರು. ಎಡಿಟರ್‌ನಲ್ಲಿ ಗುಂಡಿ ಒತ್ತಿ ಸಿ++ ಡಿಬಗ್ ಮಾಡುವಾಗಲೂ ಬಹಳ ಸಲ ಒಳಗೆ ದುಡಿಯುವುದು ಇದೇ ಜಿಡಿಬಿ ಅಥವಾ ಎಲ್‌ಎಲ್‌ಡಿಬಿ.

ಜಿಡಿಬಿ ಶುರುವಾಗುವಾಗ ಅಷ್ಟು ಹೊತ್ತು ಏನು ಮಾಡುತ್ತದೆ? ಪ್ರೋಗ್ರಾಂ ಅನ್ನು ‘ಮೈನಸ್ ಜಿ’ ಹಾಕಿ ಕಂಪೈಲ್ ಮಾಡಿದರೆ ಫೈಲಿನೊಳಗೆ ಡ್ವಾರ್ಫ್ ಎಂಬ ರೂಪದಲ್ಲಿ ಹೆಚ್ಚುವರಿ ಮಾಹಿತಿ ಸೇರುತ್ತದೆ. ಯಾವ ಫಂಕ್ಷನ್ ಎಲ್ಲಿದೆ, ಯಾವ ವೇರಿಯಬಲ್ ಯಾವ ಬಗೆಯದು, ಯಾವ ಆದೇಶ ಮೂಲ ಕೋಡ್‌ನ ಎಷ್ಟನೇ ಸಾಲಿನದು ಎಂಬುದೆಲ್ಲ ಅದರಲ್ಲಿರುತ್ತದೆ. ದೊಡ್ಡ ಸಿ++ ಪ್ರೋಗ್ರಾಂಗಳಲ್ಲಿ ಈ ಮಾಹಿತಿ ಕೋಡ್‌ಗಿಂತ ಹಲವು ಪಟ್ಟು ದೊಡ್ಡದಾಗಿರುವುದು ಸಾಮಾನ್ಯ. ಜಿಡಿಬಿ ಮೊದಲು ಅದರ ಮೇಲೆಲ್ಲ ಕಣ್ಣಾಡಿಸಿ, ಯಾವ ಹೆಸರು ಎಲ್ಲಿದೆ ಎಂಬ ಸೂಚಿಯೊಂದನ್ನು ಕಟ್ಟಿಕೊಳ್ಳುತ್ತದೆ. ವಿವರಗಳನ್ನು ಬೇಕಾದಾಗ ಮಾತ್ರ ಓದುತ್ತದೆ. ಪುಸ್ತಕದ ಕೊನೆಯಲ್ಲಿರುವ ಪದಸೂಚಿಯನ್ನು ಪ್ರತಿಸಲ ಪುಸ್ತಕ ತೆರೆದಾಗಲೂ ಹೊಸದಾಗಿ ಬರೆದಂತೆ ಇದು.

ಹಾಗಿದ್ದರೆ ಸೂಚಿಯನ್ನು ಒಮ್ಮೆ ಬರೆದು ಪುಸ್ತಕದಲ್ಲೇ ಇಟ್ಟರಾಯಿತಲ್ಲ? ಹೌದು, ಆ ದಾರಿ ಇದೆ. ‘ಜಿಡಿಬಿ-ಆ್ಯಡ್-ಇಂಡೆಕ್ಸ್’ ಎಂಬ ಪುಟ್ಟ ಸ್ಕ್ರಿಪ್ಟ್ ಸೂಚಿಯನ್ನು ಪ್ರೋಗ್ರಾಂ ಫೈಲಿನಲ್ಲೇ ಸೇರಿಸುತ್ತದೆ. ಕೆಲವು ಲಿಂಕರ್‌ಗಳೂ ಈ ಕೆಲಸ ಮಾಡಿಕೊಡುತ್ತವೆ. ಜಿಡಿಬಿಯೂ ಸುಮ್ಮನೆ ಕೂತಿಲ್ಲ. 2020ರಲ್ಲಿ ಬಂದ 10ನೇ ಆವೃತ್ತಿಯಿಂದ ಹೆಸರುಗಳನ್ನು ಓದುವ ಕೆಲಸವನ್ನು ಹಲವು ಥ್ರೆಡ್‌ಗಳು ಹಂಚಿಕೊಳ್ಳುವುದು ಸಹಜ ಕ್ರಮವಾಯಿತು. 2024ರ 15ನೇ ಆವೃತ್ತಿಯಲ್ಲಿ ಡ್ವಾರ್ಫ್ ಓದುವಿಕೆಯನ್ನು ಹಿನ್ನೆಲೆಗೆ ತಳ್ಳಲಾಯಿತು. ಓದು ಮುಗಿಯುವವರೆಗೆ ನಾವು ಬಾಗಿಲಲ್ಲಿ ನಿಲ್ಲಬೇಕಿಲ್ಲ.

ಇನ್ನು ಎರಡನೇ ದೂರು, ಬ್ರೇಕ್‌ಪಾಯಿಂಟ್ ನಿಲ್ಲದಿರುವುದು. ಇಂಟೆಲ್ ಬಗೆಯ ಪ್ರೊಸೆಸರ್‌ನಲ್ಲಿ ಬ್ರೇಕ್‌ಪಾಯಿಂಟ್ ಹಾಕುವುದೆಂದರೆ ಆ ಜಾಗದ ಒಂದು ಬೈಟ್ ತೆಗೆದು, ಹೆಕ್ಸ್‌ನಲ್ಲಿ ‘ಸಿಸಿ’ ಎಂದು ಬರೆಯುವ ಬೈಟನ್ನು ಇಡುವುದು. ಪ್ರೊಸೆಸರ್ ಅಲ್ಲಿಗೆ ಬಂದ ಕೂಡಲೇ ನಿಲ್ಲುತ್ತದೆ. ಆದರೆ ಆ ಫಂಕ್ಷನ್ ಶೇರ್ಡ್ ಲೈಬ್ರರಿಯಲ್ಲಿದ್ದರೆ? ಲೈಬ್ರರಿ ಇನ್ನೂ ಮೆಮೊರಿಗೇ ಬಂದಿರುವುದಿಲ್ಲ. ಬಂದರೂ ಯಾವ ವಿಳಾಸದಲ್ಲಿ ಕೂರುತ್ತದೆ ಎಂಬುದು ಪ್ರೋಗ್ರಾಂ ಓಡುವಾಗಲೇ ತೀರ್ಮಾನವಾಗುವುದು. ಕಟ್ಟದ ಮನೆಯ ಬಾಗಿಲಿಗೆ ಚೀಟಿ ಅಂಟಿಸುವುದು ಹೇಗೆ?

ಅದಕ್ಕೇ ಜಿಡಿಬಿ ನಮ್ಮನ್ನು ಕೇಳುತ್ತದೆ: ಮುಂದೆ ಲೈಬ್ರರಿ ಬಂದಾಗ ಹಾಕಲೇ? ಅವಸರದಲ್ಲಿ ಎಂಟರ್ ಒತ್ತಿದರೆ ‘ಬೇಡ’ ಎಂದೇ ಅರ್ಥ. ‘ನಿಲ್ಲಲ್ಲ’ ಎಂಬ ಎಷ್ಟೋ ದೂರುಗಳ ಮೂಲ ಇಲ್ಲಿದೆ. ‘ಸೆಟ್ ಬ್ರೇಕ್‌ಪಾಯಿಂಟ್ ಪೆಂಡಿಂಗ್ ಆನ್’ ಎಂಬ ಒಂದು ಸಾಲು ಕೊಟ್ಟರೆ ಅದು ಕೇಳದೆಯೇ ಬಾಕಿ ಪಟ್ಟಿಯಲ್ಲಿ ಇಟ್ಟುಕೊಳ್ಳುತ್ತದೆ. ಯಾವ ಲೈಬ್ರರಿ ಬಂದಿದೆ, ಎಲ್ಲಿ ಕೂತಿದೆ ಎಂದು ನೋಡಲು ‘ಇನ್ಫೋ ಶೇರ್ಡ್‌ಲೈಬ್ರರಿ’ ಇದೆ.

ಲೈಬ್ರರಿ ಬಂದದ್ದು ಜಿಡಿಬಿಗೆ ಗೊತ್ತಾಗುವ ಬಗೆ ಇನ್ನೂ ಚೆನ್ನಾಗಿದೆ. ಲೈಬ್ರರಿಗಳನ್ನು ಮೆಮೊರಿಗೆ ತರುವ ಡೈನಾಮಿಕ್ ಲಿಂಕರ್ ತನ್ನ ಪಟ್ಟಿ ಬದಲಾದಾಗಲೆಲ್ಲ ಒಂದು ಖಾಲಿ ಫಂಕ್ಷನ್ ಅನ್ನು ಕರೆಯುತ್ತದೆ. ಆ ಫಂಕ್ಷನ್ ಇರುವುದೇ ಡಿಬಗರ್‌ಗಾಗಿ. ಜಿಡಿಬಿ ಅಲ್ಲಿ ಗುಟ್ಟಾಗಿ ತನ್ನದೊಂದು ಬ್ರೇಕ್‌ಪಾಯಿಂಟ್ ಇಟ್ಟಿರುತ್ತದೆ. ಪ್ರೋಗ್ರಾಂ ಅಲ್ಲಿ ನಿಂತಾಗ ಪಟ್ಟಿ ಓದಿ, ಬಾಕಿ ಇರುವ ನಮ್ಮ ಬ್ರೇಕ್‌ಪಾಯಿಂಟ್‌ಗಳನ್ನು ಜೋಡಿಸಿ, ಮುಂದೆ ಬಿಡುತ್ತದೆ.

ನಿಧಾನವಾಗುವುದೂ ಇಲ್ಲೇ. ಪ್ಲಗ್‌ಇನ್‌ಗಳಂತೆ 100 ಲೈಬ್ರರಿಗಳು ಒಂದೊಂದಾಗಿ ಬರುತ್ತವೆ ಎಂದುಕೊಳ್ಳಿ. ಪ್ರತಿಸಲವೂ ಇಡೀ ಪಟ್ಟಿ ಓದಿದರೆ ಒಂದು, ಎರಡು, ಮೂರು ಎನ್ನುತ್ತಾ ಒಟ್ಟು 5,050 ನಮೂದುಗಳನ್ನು ಓದಬೇಕಾಗುತ್ತದೆ. ಹೊಸದಾಗಿ ಬಂದದ್ದನ್ನಷ್ಟೇ ಓದಿದರೆ ಬರೀ 100. ಈ ವ್ಯತ್ಯಾಸವನ್ನು ಮನಗಂಡೇ ಲಿಂಕರ್‌ನಲ್ಲಿ ‘ಪ್ರೋಬ್’ ಎಂಬ ಗುರುತುಗಳನ್ನಿಟ್ಟು, ಹೊಸ ಲೈಬ್ರರಿಯನ್ನು ಮಾತ್ರ ಪಟ್ಟಿಗೆ ಸೇರಿಸಿಕೊಳ್ಳುವ ವಿಧಾನವನ್ನು ಜಿಡಿಬಿಗೆ ತರಲಾಯಿತು. ನಾವು ಮೂರನೇ ಸೆಮಿಸ್ಟರ್‌ನಲ್ಲಿ ಡೇಟಾ ಸ್ಟ್ರಕ್ಚರ್ಸ್ ಓದುವಾಗ ‘ಎನ್ ವರ್ಗ’ ಎಂದು ಬರೆದು ಅಂಕ ಪಡೆದ ವಿಷಯವೇ ಇದು, ಬೇರೇನಲ್ಲ.

ಕೆಲವು ಸೆಕೆಂಡಿಗೆ ಇಷ್ಟೆಲ್ಲ ಒದ್ದಾಟ ಯಾಕೆ ಎನ್ನಬಹುದು. ಡಿಬಗರ್ ಏಳಲು 30 ಸೆಕೆಂಡ್ ಬೇಕು, ದಿನಕ್ಕೆ 40 ಸಲ ಶುರು ಮಾಡುತ್ತೀರಿ ಎಂದಿಟ್ಟುಕೊಳ್ಳಿ. 20 ನಿಮಿಷ ಹೋಯಿತು. ನಿಜವಾದ ನಷ್ಟ ಆ 20 ನಿಮಿಷವೂ ಅಲ್ಲ. ಕಾಯುವ ಆ ಅರ್ಧ ನಿಮಿಷದಲ್ಲಿ ಕೈ ಮೊಬೈಲ್‌ಗೆ ಹೋಗುತ್ತದೆ, ತಲೆಯಲ್ಲಿದ್ದ ಎಳೆ ತಪ್ಪುತ್ತದೆ. ನಾಲ್ಕು ದಿನ ಕಾದವರು ಐದನೇ ದಿನ ಡಿಬಗರ್ ಬಿಟ್ಟು ಊಹೆಗೆ ಇಳಿಯುತ್ತಾರೆ. ‘ಈ ಸಾಲು ತೆಗೆದು ನೋಡೋಣ, ಆ ಸಾಲು ಸೇರಿಸಿ ನೋಡೋಣ’ ಎಂಬುದೇ ಅಭ್ಯಾಸವಾಗುತ್ತದೆ. ಸಾಧನದ ವೇಗ ನಮ್ಮ ಯೋಚನೆಯ ಶಿಸ್ತನ್ನೇ ಬದಲಿಸಿಬಿಡುತ್ತದೆ. ಎಐ ಇದೆಯಲ್ಲ ಎನ್ನುವವರಿಗೂ ಇದೇ ಮಾತು. ಅದು ಕೋಡ್ ಓದಿ ಹತ್ತು ಸಾಧ್ಯತೆ ಹೇಳೀತು. ಪ್ರೋಗ್ರಾಂ ಓಡುವಾಗ ಆ ಪಾಯಿಂಟರ್‌ನಲ್ಲಿ ನಿಜಕ್ಕೂ ಏನಿತ್ತು ಎಂಬುದನ್ನು ಯಾರಾದರೂ ನಿಲ್ಲಿಸಿ ನೋಡಲೇಬೇಕು.

ಆದರೆ ನಮ್ಮ ಪ್ರಾಜೆಕ್ಟ್‌ಗಳ ಪಟ್ಟಿ ನೋಡಿ. ಹಾಜರಾತಿ ಆ್ಯಪ್, ಗ್ರಂಥಾಲಯ ನಿರ್ವಹಣೆ, ಚಾಟ್‌ಬಾಟ್. ಪ್ರತಿವರ್ಷ ಹೊಸ ಹೆಸರು, ಬಹುತೇಕ ಅದೇ ಸರಕು. ವೈವಾ ಮುಗಿದ ಮಾರನೇ ದಿನ ಅದನ್ನು ಯಾರೂ ತೆರೆಯುವುದಿಲ್ಲ. ‘ಇರುವ ಸಾಧನವನ್ನು ವೇಗಗೊಳಿಸುತ್ತೇವೆ’ ಎಂದರೆ ಮೊದಲು ಬರುವ ಪ್ರಶ್ನೆ, ‘ಇದರಲ್ಲಿ ಹೊಸದೇನಿದೆ?’ ಮನೆ ಕಟ್ಟುವವನಿಗಷ್ಟೇ ಮರ್ಯಾದೆ, ಸೋರುವ ಸೂರು ಸರಿಪಡಿಸುವವನಿಗಿಲ್ಲ.

ಜಿಡಿಬಿ ಲಕ್ಷಾಂತರ ಸಾಲಿನ ಕೋಡ್, ನಮ್ಮಿಂದಾದೀತೇ ಎಂಬ ಅಳುಕು ಸಹಜ. ಎಲ್ಲವನ್ನೂ ಓದಬೇಕಿಲ್ಲ. ಮೊದಲು ಅಳೆಯಿರಿ. ಒಂದು ಸ್ಕ್ರಿಪ್ಟ್ ಬರೆದು 200 ಪುಟ್ಟ ಲೈಬ್ರರಿ ತಯಾರಿಸಿ, ಒಂದೊಂದಾಗಿ ಲೋಡ್ ಮಾಡಿ. 50, 100, 200ಕ್ಕೆ ಎಷ್ಟು ಸಮಯ ಹಿಡಿಯಿತು ಎಂದು ಬರೆದಿಡಿ. ಲೈಬ್ರರಿ ದುಪ್ಪಟ್ಟಾದಾಗ ಸಮಯ ದುಪ್ಪಟ್ಟಾಯಿತೇ, ನಾಲ್ಕು ಪಟ್ಟಾಯಿತೇ? ಆಮೇಲೆ ಒಂದರ ಬದಲು 50 ಬ್ರೇಕ್‌ಪಾಯಿಂಟ್ ಹಾಕಿ ನೋಡಿ. ಹೊಸ ಲೈಬ್ರರಿ ಬಂದಾಗ ಹಾಕಿರುವ ಬ್ರೇಕ್‌ಪಾಯಿಂಟ್‌ಗಳ ಜಾಗವನ್ನು ಮತ್ತೆ ಲೆಕ್ಕ ಹಾಕುವುದಕ್ಕೂ ಬೆಲೆ ತೆರಬೇಕು. ಜಿಡಿಬಿಯ ಮೂಲ ಕೋಡ್‌ನಲ್ಲೇ ಇಂಥ ವೇಗ ಪರೀಕ್ಷೆಗಳಿಗೆ ಪ್ರತ್ಯೇಕ ಫೋಲ್ಡರ್ ಇದೆ, ಶೇರ್ಡ್ ಲೈಬ್ರರಿಯ ಪರೀಕ್ಷೆಯೂ ಅದರಲ್ಲಿದೆ. ಕೋಡ್ ಎಲ್ಲರಿಗೂ ಮುಕ್ತ, ತಿದ್ದಿ ಕಳಿಸಲು ಯಾರ ಶಿಫಾರಸೂ ಬೇಡ.

ಒಂದು ಸೆಮಿಸ್ಟರ್‌ನಲ್ಲಿ ದೊಡ್ಡ ಬದಲಾವಣೆ ಆಗದೇ ಇರಬಹುದು. ಅಳತೆಯ ಒಂದು ಗ್ರಾಫ್, ಕಾರಣದ ವಿವರಣೆ, ಹತ್ತು ಸಾಲಿನ ತಿದ್ದುಪಡಿ, ಇಷ್ಟಾದರೂ ಸಾಕು. ಸಂದರ್ಶನದಲ್ಲಿ ‘ನೀವೇನು ಮಾಡಿದ್ದೀರಿ’ ಎಂದು ಕೇಳಿದಾಗ ಹೇಳಲು ನಮ್ಮದೇ ಎನ್ನುವ ಕಥೆ ಇರುತ್ತದೆ. ಲಿಂಕರ್, ಮೆಮೊರಿ, ಥ್ರೆಡ್ ಎಂಬ ಪದಗಳು ನೋಟ್ಸ್‌ನಿಂದ ಇಳಿದು ಕೈಗೆ ಬಂದಿರುತ್ತವೆ.

ಮುಂದಿನ ವರ್ಷ ಪ್ರಾಜೆಕ್ಟ್‌ಗೆ ತಂಡ ಕಟ್ಟುವ ಗೆಳೆಯರಲ್ಲಿ ನನ್ನ ವಿನಂತಿ ಇಷ್ಟೇ. ‘ಯಾವ ಹೊಸ ಆ್ಯಪ್ ಮಾಡೋಣ’ ಎಂಬ ಪ್ರಶ್ನೆಯ ಜೊತೆಗೆ ‘ದಿನವೂ ಬಳಸುವ ಯಾವ ಸಾಧನ ನಮ್ಮನ್ನು ಕಾಯಿಸುತ್ತಿದೆ’ ಎಂದೂ ಒಮ್ಮೆ ಕೇಳಿಕೊಳ್ಳಿ. ಪ್ರಾಜೆಕ್ಟ್ ಒಪ್ಪುವ ಗುರುಗಳು ಆ ಪ್ರಶ್ನೆಗೂ ಅಂಕ ಕೊಡಲಿ.